ಗಾಯ ಮಾಯಿಸುವ ಕುಣಿತ, ಕೆದಕುವ ಕಾನೂನು

ಕ್ರೈಸ್ತರ ನಲವತ್ತು ದಿನಗಳ ಉಪವಾಸಕಾಲಕ್ಕೆ ಮುನ್ನಿನ ಸೋಮವಾರ, ಮಂಗಳವಾರಗಳಂದು ಟ್ರಿನಿಡಾಡಿನ ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನಿನ ಬೀದಿಗಳು ಕಾರ್ನಿವಲ್ ಉತ್ಸವಕ್ಕೆ ತೆರೆದುಕೊಂಡಾಗ, ಗಂಡು ಹೆಣ್ಣುಡುಗೆ ತೊಟ್ಟರೂ, ಹೆಣ್ಣು ಹೆಣ್ಣಿನೊಡನೆ ಸೊಂಟ ಬಳುಕಿಸಿ ಕುಣಿದರೂ ಹುಬ್ಬು ಗಂಟಿಕ್ಕುವವರು ವಿರಳ. ಆದರೆ ಸಮ್ಮತಿಯಿಂದ ಕೂಡುವ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿದ್ದ 2018ರ ತೀರ್ಪನ್ನು ಅದೇ ದೇಶದ ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚ್ ತಿಂಗಳಲ್ಲಿ ಬಹುಮತದಿಂದ ತಳ್ಳಿಹಾಕಿತು. ಕೆರಿಬಿಯನ್ ದ್ವೀಪಗಳ ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಗೀತನೃತ್ಯಗಳನ್ನು ಸಂಭ್ರಮವೆಂದೂ ಔಷಧವೆಂದೂ ಕೊಂಡಾಡುವವರು ಈ ವೈಪರೀತ್ಯವನ್ನು ಲಕ್ಷಿಸಲೇಬೇಕು. ಸಂಭ್ರಮವು ಗಾಯವನ್ನು ಮಾಯಿಸಬಲ್ಲದು, ನಿಜ. ಗಾಯಗೊಳಿಸುವ ಕೈಯನ್ನು ತಡೆಯುವ ಹೊಣೆಯನ್ನೂ ಅದರ ಮೇಲೆಯೇ ಹೊರಿಸುವುದು ಸಲ್ಲದು.

ಈ ಉತ್ಸವದ ಚರಿತ್ರೆಯೆಂದರೆ ದೇಹದ ಒಡೆತನಕ್ಕಾಗಿ ನಡೆದ ವ್ಯಾಜ್ಯದ ಚರಿತ್ರೆ. 1838ರಲ್ಲಿ ಗುಲಾಮಗಿರಿಯಿಂದ ಸಂಪೂರ್ಣ ಬಿಡುಗಡೆ ಹೊಂದಿದ ಆಫ್ರಿಕನ್ ಮೂಲದ ಜನರು, ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಚಾಟಿಯ ಭಯದಲ್ಲಿ ಓಡಬೇಕಾಗಿದ್ದ ರಾತ್ರಿಗಳ ನೆನಪನ್ನೇ ಪಂಜು, ಡೋಲು, ದೊಣ್ಣೆವರಸೆಗಳ ಕ್ಯಾನ್‌ಬೂಲೇ ಮೆರವಣಿಗೆಯಾಗಿ ಮಾರ್ಪಡಿಸಿಕೊಂಡರು. 1881ರಲ್ಲಿ ಪೊಲೀಸರು ಅದನ್ನು ತಡೆಯಹೋಗಿ ಘರ್ಷಣೆಯಾಯಿತು. 1884ರ ಕಾಯಿದೆ ಡೋಲಿಗೂ ಪಂಜಿಗೂ ನಿರ್ಬಂಧ ವಿಧಿಸಿತು. ತೋಟದೊಡತಿಯರ ಠೀವಿಯನ್ನು ಗಂಡಸರು ಎದೆ, ನಿತಂಬಗಳನ್ನು ಉಬ್ಬಿಸಿ ಕಟ್ಟಿಕೊಂಡು ಅಣಕಿಸುತ್ತಿದ್ದ ‘ಡೇಮ್ ಲೊರೇನ್’ ವೇಷ ಉಳಿಯಿತು. ಹೆಂಗಸರ ರಾತ್ರಿಯುಡುಪಿನಲ್ಲಿ ಗಂಡಸರು ಬರುತ್ತಿದ್ದ ಇನ್ನೊಂದು ವೇಷವನ್ನು ವಸಾಹತು ಆಡಳಿತವು ಅಶ್ಲೀಲವೆಂದು ಅಡಗಿಸಿತು. ಆದರೂ ಡೋಲು ಹೋದಲ್ಲಿ ಬಿದಿರಿನ ವಾದ್ಯ ಬಂದಿತು, ಬಿದಿರಿನ ಬೆನ್ನಿಗೆ ಎಣ್ಣೆಪೀಪಾಯಿಯಿಂದ ರೂಪುಗೊಂಡ ಉಕ್ಕಿನ ವಾದ್ಯ ಬಂದಿತು. ವೇಷವೂ ಅಂತೆಯೇ ರೂಪಾಂತರ ಹೊಂದುತ್ತ, 2016ರಲ್ಲಿ ಕಲಾವಿದ ಪೀಟರ್ ಮಿನ್ಶಲ್ ಅವರ ಕಲ್ಪನೆಯಲ್ಲಿ, ಮರಗಾಲು ಕಟ್ಟಿದ ಪುರುಷನೊಬ್ಬ ಬ್ಯಾಲೆ ನರ್ತಕಿಯ ಉಡುಪಿನಲ್ಲಿ ಸಾಯುವ ಹಂಸವಾಗಿ ರಂಗಕ್ಕೆ ಬಂದನು.

ಈ ಕಥೆಯಲ್ಲಿ ಭಾರತದ ಎಳೆಯೂ ಒಂದುಂಟು. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ, ಬಹುಪಾಲು ಭೋಜಪುರಿ ಸೀಮೆಯಿಂದ, ಟ್ರಿನಿಡಾಡಿಗೆ ಹೋದವರು ಸುಮಾರು 1.44 ಲಕ್ಷ ಮಂದಿ. ಮದುವೆಗೆ ಮುನ್ನ ಹೆಂಗಸರಷ್ಟೇ ಕೂಡಿ ಪೋಲಿ ಹಾಡು ಹಾಡಿ ಕುಣಿಯುವ ‘ಮಟಿಕೋರ್’ ಶಾಸ್ತ್ರವೂ, ಗಂಡಸರು ಹೆಣ್ಣಾಗಿ ಕುಣಿಯುವ ‘ಲೌಂಡಾ ನಾಚ್’ ಕೂಡ ಇಂತಹ ಕೂಲಿಗಳೊಡನೆ ಕಡಲು ದಾಟಿ ಕೆರಿಬಿಯನ್ ತೀರವನ್ನು ಸೇರಿದವು. ಗಂಡಸರ ಕಣ್ಣಿಗೆ ಬೀಳದೆ ನಡೆಯುತ್ತಿದ್ದ ಆ ಹೆಂಗಳೆಯರ ಕುಣಿತವು ‘ಚಟ್ನಿ’ ಎಂಬ ಇಂಡೋ-ಕೆರಿಬಿಯನ್ ಸಂಗೀತದೊಡನೆ ಬಯಲಿಗೆ ಬಂದಾಗ ಅಶ್ಲೀಲವೆಂದು ಕೂಗೆಬ್ಬಿಸಿದವರಲ್ಲಿ ಹಿಂದೂ ಮುಖಂಡರೂ ಇದ್ದರು. ಬಿಳಿಯ ಅಧಿಕಾರಿಯ ಆಕ್ಷೇಪವು ಅವನು ಹೊರಟುಹೋದ ಮೇಲೆ ಯಾರ ನಾಲಗೆಯಲ್ಲಿ ನೆಲಸಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಕುಣಿತವು ಮಾಯಿಸುವುದು ಯಾವುದನ್ನು? ಹೈಟಿಯ ವೋಡೂ ಆರಾಧನೆಯಲ್ಲಿ ಡೋಲಿನ ಲಯಕ್ಕೆ ಕುಣಿಯುವ ಪುರುಷನ ಮೈಮೇಲೆ ಎಝಿಲಿ ದಾಂತೋ ಎಂಬ ಮಾತೃದೇವತೆ ಬರುವುದುಂಟು. ಸಲಿಂಗಪ್ರೇಮಿಗಳು ಆಕೆಯನ್ನು ತಮ್ಮ ರಕ್ಷಕಿಯೆಂದು ನಂಬುತ್ತಾರೆ. ಹೊರಗೆ ಹಳಿಸಿಕೊಳ್ಳುವವನಿಗೆ ಆ ಆವರಣದಲ್ಲಿ ಗೌರವ ಸಲ್ಲುತ್ತದೆ. ಪೋರ್ಟೊ ರಿಕೋದಲ್ಲಿ 2019ರ ಜುಲೈ ತಿಂಗಳಲ್ಲಿ, ಹೆಂಗಸರನ್ನೂ ಸಲಿಂಗಿಗಳನ್ನೂ ಹೀಯಾಳಿಸಿದ ಗವರ್ನರನ ಖಾಸಗಿ ಸಂದೇಶಗಳು ಬಯಲಾಗಿ ಜನ ಬೀದಿಗಿಳಿದಾಗ, ಕ್ವಿಯರ್ ಯುವಜನರು ಸಾನ್ ಹುವಾನ್ ನಗರದ ಪ್ರಧಾನ ಚರ್ಚಿನ ಮೆಟ್ಟಿಲುಗಳ ಮೇಲೆಯೇ ‘ಪೆರೆಯೋ’ ಎಂಬ ಸೊಂಟ ಬಳುಕಿಸುವ ಕುಣಿತ ಕುಣಿದರು. ಗವರ್ನರನು ಪದತ್ಯಾಗ ಮಾಡಿದ್ದು ಕುಣಿತವೊಂದರಿಂದಲೇ ಅಲ್ಲ. ಆದರೆ ನಾಲ್ವರ ಮುಂದೆ ಆದ ಅವಮಾನವು ಮುಚ್ಚಿದ ಕೋಣೆಯ ಸಾಂತ್ವನದಿಂದ ಅಳಿಯದು, ನಾಲ್ವರ ಮುಂದೆಯೇ ಅಳಿಯಬೇಕು ಎಂಬ ಸತ್ಯವನ್ನು ಆ ಮೆಟ್ಟಿಲುಗಳು ತೋರಿಸಿಕೊಟ್ಟವು.

ಆದರೆ ಸಂಭ್ರಮವೆಲ್ಲವೂ ಶುಭವೆಂದು ಭ್ರಮಿಸಲಾಗದು. ಸಲಿಂಗಿಗಳಿಗೆ ಗುಂಡಿಕ್ಕುವುದನ್ನು ಮೆರೆಸಿದ ‘ಬೂಮ್ ಬೈ ಬೈ’ ಎಂಬ ಡಾನ್ಸ್‌ಹಾಲ್ ಶೈಲಿಯ ಹಾಡನ್ನು ಜಮೈಕಾದ ಗಾಯಕ ಬೂಜು ಬಾಂಟನ್ 1992ರಲ್ಲಿ ಲೋಕಕ್ಕೆ ಕೊಟ್ಟರು. ಸಲಿಂಗಿಗಳ ಹಕ್ಕಿಗಾಗಿ ದುಡಿದ ಬ್ರಯನ್ ವಿಲಿಯಮ್‌ಸನ್ 2004ರಲ್ಲಿ ಕಿಂಗ್‌ಸ್ಟನ್ನಿನ ಸ್ವಗೃಹದಲ್ಲಿ ಹತರಾದಾಗ, ಹೊರಗೆ ನೆರೆದವರಲ್ಲಿ ಕೆಲವರು ಆ ಪಲ್ಲವಿಯನ್ನೇ ಹಾಡಿ ನಲಿದರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿತು. ದೀರ್ಘಕಾಲದ ಪ್ರತಿಭಟನೆಯ ತರುವಾಯ 2019ರಲ್ಲಿ ಬಾಂಟನ್ ಆ ಹಾಡನ್ನು ಹಿಂತೆಗೆದುಕೊಂಡರು. ಜಮೈಕಾದ ಸಲಿಂಗಿಗಳಾದರೋ ಡಾನ್ಸ್‌ಹಾಲನ್ನು ತೊರೆಯಲಿಲ್ಲ. ತಮ್ಮದೇ ಕೂಟಗಳಲ್ಲಿ ಅದೇ ತಾಳಕ್ಕೆ ಕುಣಿದು ಅದನ್ನು ತಮ್ಮದಾಗಿಸಿಕೊಂಡರು. ಅವರ ಈ ಧೈರ್ಯವನ್ನು ಮೆಚ್ಚುವುದು ಸುಲಭ. ಇಂತಹ ಧೈರ್ಯ ಅನವಶ್ಯಕವಾಗುವಂತೆ ಮಾಡುವುದು ರಾಜ್ಯದ ಕರ್ತವ್ಯ.

ಸಂಸ್ಥೆಗಳು ಬದಲಾಗಲಾರವೆಂಬ ಮಾತು ನಿಲ್ಲದು. 1978ರಲ್ಲಿ ಗಾಯಕಿ ಕಲಿಪ್ಸೊ ರೋಸ್ ಟ್ರಿನಿಡಾಡಿನ ಕಲಿಪ್ಸೊ ಗಾಯನ ಸ್ಪರ್ಧೆಯನ್ನು ಗೆದ್ದಾಗ ‘ಕಲಿಪ್ಸೊ ಕಿಂಗ್’ ಎಂಬ ಬಿರುದನ್ನೇ ಬದಲಿಸಬೇಕಾಯಿತು. ತಾವು ಮಹಿಳೆಯೊಬ್ಬರನ್ನು ವರಿಸಿದುದನ್ನು ಇಳಿವಯಸ್ಸಿನಲ್ಲಿ ಬಹಿರಂಗಪಡಿಸಿದ ಮೇಲೂ ಅವರಿಗೆ ವೇದಿಕೆ ದೊರೆಯಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ವಿಧಿಯ ಬಲವನ್ನು 2018ರ ಸೆಪ್ಟೆಂಬರಿನಲ್ಲಿ ಕುಗ್ಗಿಸಿತು. ಬಾರ್ಬಡೋಸ್ 2022ರಲ್ಲಿ, ಡೊಮಿನಿಕಾ 2024ರಲ್ಲಿ ಅದೇ ಬ್ರಿಟಿಷ್ ಬೇರಿನ ವಿಧಿಗಳಿಂದ ಬಿಡುಗಡೆ ಪಡೆದವು. ಟ್ರಿನಿಡಾಡಿನ ಮೇಲ್ಮನವಿ ನ್ಯಾಯಾಲಯವಾದರೋ, ಹಳೆಯ ಕಾನೂನುಗಳಿಗೆ ಸಂವಿಧಾನವೇ ರಕ್ಷಣೆಯಿತ್ತಿರುವುದರಿಂದ ತಿದ್ದುಪಡಿಯು ಸಂಸತ್ತಿನ ಕೆಲಸವೆಂದಿತು. ಆ ದೇಶಕ್ಕೆ ಅಂತಿಮ ಮೇಲ್ಮನವಿಯ ಪೀಠ ಇಂದಿಗೂ ಲಂಡನ್ನಿನ ಪ್ರಿವಿ ಕೌನ್ಸಿಲ್. ಬ್ರಿಟಿಷರು ಬಿಟ್ಟುಹೋದ ಕಟ್ಟಳೆಯನ್ನು ಬ್ರಿಟಿಷರ ನಗರದಲ್ಲಿ ಕುಳಿತ ಪೀಠವೇ ಬಿಡಿಸಲಿ ಎಂದು ಕಾಯುವುದು 1962ರಲ್ಲಿ ಸ್ವತಂತ್ರವಾದ ರಾಷ್ಟ್ರದ ಸಂಸತ್ತಿಗೆ ಶೋಭಿಸದು. ನ್ಯಾಯಾಲಯವು ತನಗೆ ಒಪ್ಪಿಸಿದ ಕಾರ್ಯವನ್ನು ಸಂಸತ್ತು ತಾನೇ ನೆರವೇರಿಸಬೇಕು.