ನಡುಗುವವರಿಗೆ ಬೇಕಾದುದು ಉಪದೇಶವಲ್ಲ, ಆಸರೆ

ಹಠಾತ್ತನೆ ಹೃದಯ ಬಡಿತ ಏರುತ್ತದೆ, ಉಸಿರು ಕಟ್ಟುತ್ತದೆ, ಈಗಲೇ ಸಾಯುತ್ತೇನೆಂಬ ಭೀತಿ ಆವರಿಸುತ್ತದೆ. ಇದು ಪ್ಯಾನಿಕ್ ಅಟ್ಯಾಕ್. ನಾವಾದರೋ ಇದನ್ನು ಈಮಾನಿನ ದೌರ್ಬಲ್ಯವೆಂದೋ ಜಿನ್ನ್ ಬಾಧೆಯೆಂದೋ ತೀರ್ಮಾನಿಸಿಬಿಡುತ್ತೇವೆ.

ಪ್ರವಾದಿವರ್ಯರು(ಸ) ಹಿರಾ ಗುಹೆಯಿಂದ ನಡುಗುತ್ತಾ ಮರಳಿದಾಗ ಹಝ್ರತ್ ಖದೀಜಾ(ರ) ಹೊದಿಕೆ ಹೊದಿಸಿದರು, ಸಾಂತ್ವನ ಹೇಳಿದರು, ಬಳಿಕ ಬಲ್ಲವರಾದ ವರಕಾ ಬಿನ್ ನೌಫಲ್‌ರ ಬಳಿಗೆ ಕರೆದೊಯ್ದರು. ಅದು ದಿವ್ಯವಾಣಿಯ ಘಟನೆ, ರೋಗದ್ದಲ್ಲ. ಆದರೆ ಭಯಗೊಂಡವರೊಂದಿಗೆ ಹೇಗೆ ವರ್ತಿಸಬೇಕೆಂಬುದಕ್ಕೆ ಅದರಲ್ಲಿ ನಮಗೆ ಮಾದರಿಯಿದೆ.

ನಾವೂ ಪಕ್ಕದಲ್ಲಿ ಕುಳಿತು, ನಿಧಾನವಾಗಿ ಉಸಿರಾಡಲು ನೆರವಾಗೋಣ. ಎದೆನೋವಿದ್ದರೆ ಮೊದಲು ಹೃದಯ ತಪಾಸಣೆ ಮಾಡಿಸೋಣ. ಮತ್ತೆ ಮತ್ತೆ ಬಂದರೆ ಮನೋವೈದ್ಯರ ಬಳಿ ಕರೆದೊಯ್ಯೋಣ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ದುಆ ಬೇಕು, ಚಿಕಿತ್ಸೆಯೂ ಬೇಕು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಕಲಿಸಿರುವಾಗ ನಮಗೇಕೆ ನಾಚಿಕೆ?