ಕಾರ್ಗಿಲ್ ತೋಪಿಗೆ ನಿಲ್ಲದ ಬಸ್ಸು, ಕೊಗನೊಳಿಯಲ್ಲಿ ನಿಲ್ಲುತ್ತದೆ!

"ಗಾಡಿ ಯಾಕ್ ಬರವಲ್ದರೀ?"

"ಬಂದ್ ಅದಾವ್ರೀ."

"ಯಾವಾಗ ಚಾಲೂ ಆಕ್ಕಾವು?"

"ನಮಗೇನ್ ಗೊತ್ತರೀ ಯಜಮಾನ್ರ, ಮ್ಯಾಲಿಂದ ಆರ್ಡರ್ ಬರಬೇಕು."

ಗಡಿಯಲ್ಲಿ ಗಲಾಟೆ ಎದ್ದಾಗಲೆಲ್ಲ ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ ಬಸ್ ಸ್ಟ್ಯಾಂಡುಗಳಲ್ಲಿ ನಡೆಯುವ ಸಂಭಾಷಣೆ ಇಷ್ಟೇ. ಗಂಟುಮೂಟೆ ಕಟ್ಟಿಕೊಂಡು ಕೊಲ್ಹಾಪುರದ ಗಾಡಿ ಕಾಯುತ್ತಿದ್ದ ಮಂದಿ ಇದನ್ನು ಕೇಳಿ ಸ್ವಲ್ಪ ಹೊತ್ತು ಕೂರುತ್ತಾರೆ, ಒಂದು ಚಹಾ ಕುಡಿಯುತ್ತಾರೆ, ಆಮೇಲೆ ಕ್ರೂಸರ್ ಹುಡುಕಿಕೊಂಡು ಹೋಗುತ್ತಾರೆ. ಕ್ರೂಸರಿನವನು ಅವತ್ತು ಹೇಳಿದ್ದೇ ರೇಟು. ರೊಕ್ಕ ಇಲ್ಲದವರು ಮನೆಗೆ ವಾಪಸ್.

2025ರ ಫೆಬ್ರವರಿಯಲ್ಲಿ ಆದದ್ದನ್ನೇ ನೋಡಿ. 21ನೇ ತಾರೀಖು ಬೆಳಗಾವಿ ಹತ್ತಿರದ ಬಾಳೇಕುಂದ್ರಿಯಲ್ಲಿ ನಮ್ಮ ಸಾರಿಗೆಯ ಕಂಡಕ್ಟರ್ ಒಬ್ಬರಿಗೆ ಮರಾಠಿ ಮಾತಾಡಲಿಲ್ಲವೆಂದು ಹೊಡೆತ ಬಿತ್ತು. ಅದೇ ರಾತ್ರಿ ಚಿತ್ರದುರ್ಗದ ಕಡೆ ಮಹಾರಾಷ್ಟ್ರದ ಬಸ್ಸನ್ನು ತಡೆದು ಡ್ರೈವರ್ ಮುಖಕ್ಕೆ ಮಸಿ ಬಳಿದರು. ಮರುದಿನ ಮಹಾರಾಷ್ಟ್ರದ ಸಾರಿಗೆ ಮಂತ್ರಿಗಳು ಕರ್ನಾಟಕಕ್ಕೆ ಎಸ್.ಟಿ. ಬಿಡಬೇಡಿ ಎಂದು ಹುಕುಂ ಹೊರಡಿಸಿದರು. ಅಲ್ಲಿಂದ ಗಾಡಿ ಬರಲಿಲ್ಲ, ಇಲ್ಲಿಂದ ಹೊರಟ ಗಾಡಿ ಗಡಿ ದಾಟಲು ಹೆದರಿತು. ಮಾರ್ಚ್ 22ಕ್ಕೆ ಇದೇ ವಿಷಯದ ಮೇಲೆ ಕರ್ನಾಟಕ ಬಂದ್ ಕರೆಯೂ ಬಂತು. ಹೊಡೆಸಿಕೊಂಡವರು ಒಬ್ಬ ಕಂಡಕ್ಟರು, ಮಸಿ ಬಳಿಸಿಕೊಂಡವರು ಒಬ್ಬ ಡ್ರೈವರು. ಇಬ್ಬರೂ ತಿಂಗಳ ಪಗಾರದ ಮೇಲೆ ಸಂಸಾರ ನಡೆಸುವವರು. ಶಿಕ್ಷೆ ಆದದ್ದು ಮಾತ್ರ ಪ್ಯಾಸೆಂಜರಿಗೆ!

ಬಸ್ಸು ನಿಂತರೆ ನಷ್ಟ ಯಾರಿಗೆ ಎಂಬ ಲೆಕ್ಕ ಹಾಕಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ. ಮಿರಜಿನ ದವಾಖಾನೆಗೆ ತಾರೀಖು ಹಾಕಿಸಿಕೊಂಡ ರೋಗಿ ಅಲ್ಲೇ ಉಳಿದ. ಚಂದಗಡದ ಕಡೆಯಿಂದ ಬೆಳಗಾವಿ ಪೇಟೆಗೆ ತರಕಾರಿ ಬುಟ್ಟಿ ಹೊತ್ತು ಬರುವ ಹೆಂಗಸು ಬರಲಿಲ್ಲ. ಇಚಲಕರಂಜಿಯಿಂದ ಬಟ್ಟೆ ತರುವ ಸಣ್ಣ ಅಂಗಡಿಕಾರನ ಲಗ್ನಸರಾಯಿ ವ್ಯಾಪಾರ ಕೈಬಿಟ್ಟಿತು. ಸವದತ್ತಿ ಎಲ್ಲಮ್ಮನಿಗೆ ಮಹಾರಾಷ್ಟ್ರದಿಂದ ಬರುವ ಭಕ್ತರೂ, ಇಲ್ಲಿಂದ ಕೊಲ್ಹಾಪುರದ ಮಹಾಲಕ್ಷ್ಮಿಗೆ ಹೋಗುವ ಭಕ್ತರೂ ಅಷ್ಟೇ ಸಂಖ್ಯೆಯಲ್ಲಿ ಪರದಾಡಿದರು. ದೇವಿಯರ ನಡುವೆ ಗಡಿ ತಂಟೆ ಇದ್ದಂತಿಲ್ಲ. ಆದರೆ ಗಡಿ ಬಗ್ಗೆ ಮೈಕಿನಲ್ಲಿ ಕೂಗುವವರು? ಎರಡೂ ಕಡೆಯವರಿಗೆ ಕಾರಿದೆ. ಅವಸರವಿದ್ದರೆ ಸಾಂಬ್ರಾದಲ್ಲಿ ವಿಮಾನವಿದೆ. ಅವರಲ್ಲಿ ಒಬ್ಬರೂ ಕೊಗನೊಳಿ ಟೋಲ್ ನಾಕಾದ ಬಿಸಿಲಲ್ಲಿ ಸೂಟ್‌ಕೇಸ್ ಹೊತ್ತು ನಡೆದದ್ದನ್ನು ಕಂಡವರಿಲ್ಲ.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಚಹಾದಂಗಡಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳುವವರು ಸಾರಿಗೆ ಇಲಾಖೆಯವರೇ. "ನೀವೇನ್ರೀ ಬರೀತೀರಿ, ಸ್ಟೇರಿಂಗ್ ಹಿಡಕೊಂಡು ಕೂತಾವ ನಾನು. ಕಲ್ಲು ಮೊದಲ ಬೀಳೂದು ನನ್ನ ಗ್ಲಾಸಿಗೆ." ಈ ಮಾತನ್ನು ತಳ್ಳಿಹಾಕುವಂತಿಲ್ಲ. 1991ರ ಡಿಸೆಂಬರಿನ ಕಾವೇರಿ ಗಲಭೆ, 2016ರ ಸೆಪ್ಟೆಂಬರ್ 12ರ ಬೆಂಗಳೂರು, ಇವೆರಡನ್ನೂ ಮರೆತವರಿಲ್ಲ. 2016ರ ಆ ಒಂದು ದಿನ ತಮಿಳುನಾಡು ನಂಬರಿನ ಬಸ್ಸುಗಳು ನಿಂತಲ್ಲೇ ಸಾಲಾಗಿ ಸುಟ್ಟು ಬೂದಿಯಾದವು. ಆಮೇಲೆ ದಿನಗಟ್ಟಲೆ ಅತ್ತಿಬೆಲೆಯಲ್ಲಿ ಜನ ಬಸ್ಸಿಳಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಹೊಸೂರು ಕಡೆಗೆ ಕಾಲ್ನಡಿಗೆಯಲ್ಲಿ ಗಡಿ ದಾಟಿದರು. ಹೊತ್ತಿ ಉರಿಯುವ ಊರಿನೊಳಗೆ ಬಸ್ಸು ನುಗ್ಗಿಸಿ ಎಂದು ಯಾರೂ ಹೇಳುತ್ತಿಲ್ಲ. ಡ್ರೈವರಿಗೂ ಹೆಂಡತಿ ಮಕ್ಕಳಿದ್ದಾರೆ. ಬೆಂಕಿ ಬಿದ್ದ ದಿನ ನಿಲ್ಲಿಸುವುದು ಸರಿ. ಬೆಂಕಿ ಆರಿದ ಮೇಲೂ, ಇಲ್ಲವೆ ಬೆಂಕಿಯೇ ಬೀಳದಿದ್ದಾಗಲೂ, ಮಂತ್ರಿಗಳ ಸಿಟ್ಟಿಗಾಗಿ ನಿಲ್ಲಿಸುವುದು ಯಾವ ನ್ಯಾಯ ಎಂಬುದೇ ಪ್ರಶ್ನೆ.

ಇಲ್ಲಿ ಸ್ವಲ್ಪ ದೂರದ ಒಂದು ಬಸ್ಸಿನ ಕಥೆ ಹೇಳಬೇಕಾಗುತ್ತದೆ. ಇದಕ್ಕೂ ನಿಪ್ಪಾಣಿಗೂ ಏನು ಸಂಬಂಧ ಎನ್ನುವವರು ಸ್ವಲ್ಪ ತಾಳಬೇಕು.

1999ರ ಫೆಬ್ರವರಿ 20ರಂದು ಪ್ರಧಾನಿ ವಾಜಪೇಯಿಯವರು ಬಸ್ಸಿನಲ್ಲಿ ಕೂತು ವಾಘಾ ಗಡಿ ದಾಟಿ ಲಾಹೋರಿಗೆ ಹೋದರು. ಮಾರ್ಚ್‌ನಿಂದ ದಿಲ್ಲಿ-ಲಾಹೋರ್ ಬಸ್ಸು ಸಾಮಾನ್ಯ ಜನರಿಗೂ ಶುರುವಾಯಿತು. ಸುಮಾರು 530 ಕಿಲೋಮೀಟರ್ ದಾರಿ. ಮುಂದೆ ಹಿಂದೆ ಪೊಲೀಸ್ ಗಾಡಿ, ನಿಗದಿಯಾದ ಊರುಗಳಲ್ಲಿ ಮಾತ್ರ ನಿಲುಗಡೆ, ಗಡಿಯಲ್ಲಿ ಸಾಮಾನನ್ನೆಲ್ಲ ಬಿಚ್ಚಿ ತಪಾಸಣೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಾರ್ಗಿಲ್ ಯುದ್ಧ! ಬಸ್ಸಿನಲ್ಲಿ ಹೋಗಿ ಕೈ ಕುಲುಕಿ ಬಂದವರ ಬೆನ್ನಿಗೆ ಗುಂಡು ಹೊಡೆದರು ಎಂದು ದೇಶವೆಲ್ಲ ಕುದಿಯಿತು. ಬಸ್ಸು ಮೊದಲು ನಿಲ್ಲಿಸಿ ಎಂಬ ಕೂಗೂ ಎದ್ದಿತು. ಅದು ಸುಮ್ಮನೆ ಎದ್ದ ಕೂಗಲ್ಲ. ನಮ್ಮ ಸೈನಿಕರ ಹೆಣಗಳು ಊರೂರಿಗೆ ಬರುತ್ತಿದ್ದ ಕಾಲ ಅದು.

ಬಸ್ಸು ನಿಲ್ಲಲಿಲ್ಲ. ಆಚೆ ಬೆಟ್ಟದ ಮೇಲೆ ಬೊಫೋರ್ಸ್ ತೋಪು ಹಾರುತ್ತಿತ್ತು, ಈಚೆ ಪಂಜಾಬಿನ ರಸ್ತೆಯಲ್ಲಿ ಲಾಹೋರ್ ಬಸ್ಸು ಓಡುತ್ತಿತ್ತು. ಅದರಲ್ಲಿ ಕೂತವರು ರಾಜಕಾರಣಿಗಳಲ್ಲ, ದೇಶ ಒಡೆದಾಗ ಆಚೆಗೊಬ್ಬರು ಈಚೆಗೊಬ್ಬರು ಆದ ಅಣ್ಣ ತಂಗಿಯರು. ಮದುವೆ, ಮಯ್ಯತ್ತು, ಕಾಯಿಲೆ ಅಂತ ಹೋಗುವ ಜನ. ಅವರು ಯುದ್ಧ ಮಾಡಿದವರಲ್ಲ, ಅವರನ್ನು ತಡೆದರೆ ಯುದ್ಧ ನಿಲ್ಲುವುದೂ ಇಲ್ಲ ಎಂಬುದು ಆಗಿನ ಸರಕಾರಕ್ಕೆ ತಿಳಿದಿತ್ತು.

ಮುಂದೆ 2001ರ ಡಿಸೆಂಬರ್ 13ರಂದು ಪಾರ್ಲಿಮೆಂಟಿನ ಮೇಲೆ ದಾಳಿಯಾದಾಗ ಮಾತ್ರ ಕೈ ಬಿಗಿಯಾಯಿತು. 2002ರ ಹೊಸ ವರ್ಷದ ದಿನದಿಂದ ಬಸ್ಸು, ರೈಲು, ವಿಮಾನ ಎಲ್ಲ ಬಂದ್. ದಿಲ್ಲಿಯಿಂದ ಲಾಹೋರಿಗೆ ಹೋಗಬೇಕಾದವರು ದುಬೈ ಸುತ್ತಿ ಹೋಗಬೇಕಾಯಿತು. ದುಡ್ಡಿದ್ದವರು ಸುತ್ತಿದರು, ಇಲ್ಲದವರು ಕಾದರು. ಹದಿನೆಂಟು ತಿಂಗಳ ಮೇಲೆ, 2003ರ ಜುಲೈ 11ರಂದು, ಮತ್ತೆ ಬಸ್ಸು ಹೊರಟಿತು. ಲಾಹೋರಿನಿಂದ ಬಂದ ಆ ಮೊದಲ ಗಾಡಿಯಲ್ಲಿ ಹೃದಯದಲ್ಲಿ ರಂಧ್ರವಿದ್ದ ಎರಡೂವರೆ ವರ್ಷದ ಹೆಣ್ಣುಮಗು ಇತ್ತು. ಆ ಮಗು ಬಂದದ್ದು ಎಲ್ಲಿಗೆ? ನಮ್ಮ ಬೆಂಗಳೂರಿಗೆ, ನಾರಾಯಣ ಹೃದಯಾಲಯಕ್ಕೆ. ಆಪರೇಷನ್ ಆಯಿತು, ಮಗು ಬದುಕಿತು, ತಂದೆ ತಾಯಿ ಎತ್ತಿಕೊಂಡು ವಾಪಸ್ ಹೋದರು. ಪಾಕಿಸ್ತಾನದ ಕೂಸು ಎಂದು ಬೈದವರನ್ನು ಆ ದಿನಗಳಲ್ಲಿ ಹುಡುಕಬೇಕಿತ್ತು. ಹಾರೈಸಿದವರೇ ಹೆಚ್ಚು. ಬಸ್ಸು ಇನ್ನೂ ಆರು ತಿಂಗಳು ತಡವಾಗಿದ್ದರೆ ಎಂಬ ಪ್ರಶ್ನೆಯನ್ನು ಆ ತಾಯಿಯೇ ಕೇಳಿಕೊಂಡಿರಬೇಕು.

ಶ್ರೀನಗರದಿಂದ ಮುಜಫ್ಫರಾಬಾದಿಗೆ 2005ರ ಏಪ್ರಿಲ್ 7ರಂದು ಬಸ್ಸು ಹೊರಡುವುದಿತ್ತು. ಹಿಂದಿನ ದಿನವೇ, ಪ್ರಯಾಣಿಕರನ್ನು ಇಳಿಸಿದ್ದ ಶ್ರೀನಗರದ ಪ್ರವಾಸಿ ಕಟ್ಟಡಕ್ಕೆ ಉಗ್ರರು ನುಗ್ಗಿದರು, ಕಟ್ಟಡ ಉರಿಯಿತು. ಮರುದಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಬಾವುಟ ತೋರಿಸಿದರು, ಬಸ್ಸು ಹೊರಟೇಬಿಟ್ಟಿತು. ಆ ಸೇವೆಯ ವ್ಯವಸ್ಥೆ ನಮ್ಮವರು ಗಮನಿಸತಕ್ಕದ್ದು. ಈ ಕಡೆಯ ಬಸ್ಸು ಆ ಕಡೆ ಹೋಗುವುದಿಲ್ಲ. ಗಡಿಯಲ್ಲಿ ಕಮಾನ್ ಸೇತುವೆ. ಜನ ಇಳಿದು ಸೇತುವೆ ನಡೆದು ದಾಟಿದರೆ ಆಚೆ ದಡದಲ್ಲಿ ಅವರ ಬಸ್ಸು ಕಾಯುತ್ತಿರುತ್ತದೆ. ಗಾಡಿಯೂ ಸುರಕ್ಷಿತ, ಡ್ರೈವರೂ ಸುರಕ್ಷಿತ, ಪ್ಯಾಸೆಂಜರ್ ಊರು ಮುಟ್ಟುತ್ತಾನೆ.

2007ರ ಫೆಬ್ರವರಿಯಲ್ಲಿ ಪಾಣಿಪತ್ ಹತ್ತಿರ ಸಂಝೋತಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಾಂಬು ಸಿಡಿದು 68 ಮಂದಿ ಸತ್ತಾಗಲೂ, ಸುಟ್ಟ ಬೋಗಿಗಳನ್ನು ಬಿಟ್ಟು ಉಳಿದ ರೈಲು ಅಟ್ಟಾರಿ ಗಡಿಗೆ ಹೋಯಿತು.

ಇವೆಲ್ಲ ಸೇವೆಗಳೂ 2019ರಲ್ಲಿ ನಿಂತವು. 2025ರಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಅಟ್ಟಾರಿಯ ಗೇಟೂ ಮುಚ್ಚಿತು. ಅದು ಸರಿಯೋ ತಪ್ಪೋ ಎನ್ನುವುದು ದಿಲ್ಲಿಯವರು ತೀರ್ಮಾನಿಸುವ ವಿಷಯ, ಎರಡು ಬೇರೆ ದೇಶಗಳ ಮಾತು. ಇಲ್ಲಿ ಹೇಳಬೇಕಾದ್ದು ಬೇರೆ. ನಿಲ್ಲಿಸುವುದಕ್ಕೆ ಒಂದು ಕಾಗದ ಸಾಕು, ಮತ್ತೆ ಓಡಿಸುವುದಕ್ಕೆ ವರ್ಷಗಳು ಬೇಕು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೇ ಬಸ್ಸು ಬಂದಿತ್ತೆಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಏಪ್ರಿಲ್ 15ಕ್ಕೆ ಹೊರಟ ಗಾಡಿ ಜೂನ್ 5ಕ್ಕೆ ಮುಟ್ಟಿತು, ಟಿಕೀಟು 85 ಪೌಂಡು. ಆಮೇಲೆ ಎಷ್ಟೋ ಗಾಡಿಗಳು ತುರ್ಕಿ, ಇರಾನ್, ಪಾಕಿಸ್ತಾನದ ಮೇಲೆ ಓಡಾಡಿದವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನದಲ್ಲಿ ರಷ್ಯದ ಸೇನೆ. ದಾರಿ ಮುಚ್ಚಿತು. ನಾಲ್ಕು ದಶಕ ಮೀರಿದರೂ ಆ ಕಾಲದ ಹಾಗೆ ಬಸ್ಸು ಓಡಿಲ್ಲ.

ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ನಡುವೆ ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಈಚೆಗೂ ಆಚೆಗೂ ಅದೇ ರೂಪಾಯಿ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದರು, 1967ರಲ್ಲಿ ಮಹಾಜನ್ ಆಯೋಗ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ತಕರಾರು ಕೋರ್ಟಿನಲ್ಲಿ ಎಷ್ಟು ವರ್ಷ ಬೇಕಾದರೂ ಕೂತಿರಲಿ. ಅಲ್ಲಿ ವಕೀಲರಿದ್ದಾರೆ, ಫೀಸಿದೆ, ಫ್ಯಾನಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತ ಮುದುಕಿ ಯಾವ ದಾವೆಯಲ್ಲಿ ಪ್ರತಿವಾದಿ?

ಯುದ್ಧ ನಡೆದಾಗ ಎರಡು ಶತ್ರು ದೇಶಗಳು ಮಾಡಿದ ವ್ಯವಸ್ಥೆಯನ್ನು ಎರಡು ನೆರೆ ರಾಜ್ಯಗಳು ಯಾಕೆ ಮಾಡಲಾಗದು ಎಂದು ಅಂಗಡಿಕಾರರು ಕೇಳುವುದರಲ್ಲಿ ತಪ್ಪಿಲ್ಲ. ಗಲಾಟೆಯ ಸೂಚನೆ ಬಂದ ಕೂಡಲೇ ನಮ್ಮ ಗಾಡಿ ಕೊಗನೊಳಿಯ ತನಕ, ಅವರ ಗಾಡಿ ಕಾಗಲ್ ಕಡೆಯಿಂದ ದೂಧಗಂಗಾ ಸೇತುವೆಯ ತನಕ ಬರಲಿ. ಜನ ಹೇಗೂ ನಡೆದೇ ದಾಟುತ್ತಾರೆ, ಆಚೆ ಗಾಡಿ ಇದೆ ಎಂಬ ಖಾತ್ರಿಯಾದರೂ ಇರಲಿ. ಈಗ ಗಡಿಯ ತನಕ ಗಾಡಿ ಬಿಟ್ಟು "ಮುಂದ ನಿಮ್ಮ ನಸೀಬ" ಎನ್ನುವುದೇ ರೂಢಿ. ರಾತ್ರಿ ಹೋಗುವ ಮುಂಬೈ, ಪುಣೆ ಗಾಡಿಗಳನ್ನು ನಾಲ್ಕೈದು ಸೇರಿಸಿ ಪೊಲೀಸ್ ಜೀಪಿನ ಹಿಂದೆ ಬಿಡಬಹುದು. ಎರಡೂ ಜಿಲ್ಲೆಯ ಪೊಲೀಸ್ ಅಧಿಕಾರಿಗಳು ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ಆಗುವ ಕೆಲಸ. ಡ್ರೈವರ್ ಕಂಡಕ್ಟರ್ ಮೇಲೆ ಕೈ ಮಾಡಿದವನು, ಅವನು ಯಾವ ಭಾಷೆಯವನೇ ಆಗಿರಲಿ, ಯಾವ ಸಂಘದ ಶಾಲು ಹೊದ್ದವನೇ ಆಗಿರಲಿ, ಜಾಮೀನಿಗೆ ಮುಂಚೆ ಹಾರ ಹಾಕಿಸಿಕೊಳ್ಳುವುದು ನಿಂತರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಹಾರ ಹಾಕುವವರು ಎರಡೂ ಕಡೆ ಇದ್ದಾರೆ, ಅವರ ಹೆಸರು ಊರಿಗೆಲ್ಲ ಗೊತ್ತು.

ಇಷ್ಟೂ ಆಗದಿದ್ದರೆ ಕೊನೆಗೆ ಒಂದು ಹಲಗೆ. ಯಾವ ಗಾಡಿ ಬಂದ್, ಯಾವುದು ಎಲ್ಲಿಯ ತನಕ, ಮುಂಗಡ ಟಿಕೀಟಿನ ರೊಕ್ಕ ಯಾವ ಕಿಟಕಿಯಲ್ಲಿ ವಾಪಸ್ ಎಂದು ಬೆಳಿಗ್ಗೆ ಆರಕ್ಕೆ ಬರೆದು ಸ್ಟ್ಯಾಂಡಿನ ಬಾಗಿಲಲ್ಲಿ ತೂಗುಹಾಕಲಿ. ಕನ್ನಡದಲ್ಲಿ ಬರೆಯಲಿ, ಕೆಳಗೆ ಮರಾಠಿಯಲ್ಲೂ ಬರೆಯಲಿ. ಚಂದಗಡದ ಆ ತರಕಾರಿ ಹೆಂಗಸು ಓದಿ, ಬುಟ್ಟಿ ಇಳಿಸದೆ ವಾಪಸ್ ಹೋಗುವಂತಾಗಲಿ. ಒಂದು ಸೀಮೆಸುಣ್ಣದ ಖರ್ಚು.