ಉತ್ಸರ್ಗ ಸಮಿತಿಯೂ ಬೀದಿ ಮೂಲೆಯ ಕಸವೂ

ಪಂಚ ಸಮಿತಿಗಳನ್ನು ಕುರಿತ ಉಪನ್ಯಾಸಗಳಲ್ಲಿ ಮೊದಲ ನಾಲ್ಕಕ್ಕೆ ದೊರೆಯುವ ಕಾಲಾವಕಾಶ ಐದನೆಯದಕ್ಕೆ ದೊರೆಯುವುದು ಅಪೂರ್ವ. ನೆಲ ನೋಡಿ ನಡೆಯುವ ಈರ್ಯಾ ಸಮಿತಿ, ಹಿತಮಿತವಾಗಿ ನುಡಿಯುವ ಭಾಷಾ ಸಮಿತಿ, ನಿರ್ದೋಷವಾದ ಆಹಾರವನ್ನು ಸ್ವೀಕರಿಸುವ ಏಷಣಾ ಸಮಿತಿ, ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವ ಆದಾನ-ನಿಕ್ಷೇಪಣ ಸಮಿತಿ, ಇವುಗಳ ವಿವರಣೆ ಮುಗಿಯುವ ವೇಳೆಗೆ ಸಭೆ ಏಳುವ ಸಿದ್ಧತೆಯಲ್ಲಿರುತ್ತದೆ. ಉತ್ಸರ್ಗ ಸಮಿತಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ದೇಹದಿಂದ ಹೊರಬಂದುದನ್ನೂ ಬೇಡವೆಂದು ಬಿಡುವುದನ್ನೂ ಜೀವಿಗಳಿಗೆ ಬಾಧೆಯಾಗದ ಎಡೆಯಲ್ಲಿ, ನೋಡಿ, ಎಚ್ಚರದಿಂದ ವಿಸರ್ಜಿಸಬೇಕೆಂಬ ಈ ನಿಯಮವು ಸಭ್ಯರ ಮಾತಿಗೆ ಒಗ್ಗದ ವಿಷಯವೆಂದು ಭಾವಿಸಿದಂತಿದೆ. ಆದರೆ ಇಂದಿನ ನಗರಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಭಂಗಗೊಳ್ಳುತ್ತಿರುವ ಸಮಿತಿ ಇದೇ. ಭಂಗವಾಗುತ್ತಿರುವುದು ಎಲ್ಲೋ ದೂರದಲ್ಲಲ್ಲ. ಶ್ರಾವಕರ ಮನೆಯ ಹಿತ್ತಿಲಿನಲ್ಲಿ, ಬಸದಿಯ ಹೊರಗೋಡೆಯ ಬುಡದಲ್ಲಿ.

ಮೈಸೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ಹಾವಳಿಯನ್ನು ಕಂಡ ಆ ನಗರದಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಗಾಳಿ ಬೆಳಕು ಆಡುವ ಅಗಲವಾದ ಬೀದಿಗಳು ಬಂದವು. ಯೋಜಿತ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ನೈರ್ಮಲ್ಯದ ಕೆಲಸಕ್ಕೆಂದೇ ಕನ್ಸರ್ವೆನ್ಸಿ ಓಣಿಗಳನ್ನು ಬಿಡಲಾಯಿತು. ಶುಚಿತ್ವಕ್ಕಾಗಿ ಬಿಟ್ಟ ಆ ಓಣಿಗಳೇ ಕಾಲಾಂತರದಲ್ಲಿ ಎಷ್ಟೋ ಕಡೆ ಕಸ ಎಸೆಯುವ ಗುಂಡಿಗಳಾದವು. ಮನೆಯ ಮುಂಬಾಗಿಲಿನಲ್ಲಿ ರಂಗೋಲಿ, ಹಿಂಬಾಗಿಲಿನಲ್ಲಿ ಕೊಳೆತ ತರಕಾರಿ ಎಂಬ ಸ್ಥಿತಿ ಒಂದು ಜಾತಿಯದಲ್ಲ, ಒಂದು ಮತದ್ದೂ ಅಲ್ಲ. ಆದರೆ ಸೂಕ್ಷ್ಮ ಜೀವಿಗೂ ನೋವಾಗಬಾರದೆಂದು ಬಾಯಿತುಂಬ ಹೇಳುವ ಸಮಾಜಕ್ಕೆ ಅದು ಇತರರಿಗಿಂತ ಹೆಚ್ಚಿನ ಲಜ್ಜೆಯ ವಿಷಯವಾಗಬೇಕು.

2015ರ ಸ್ವಚ್ಛ ನಗರಗಳ ಪಟ್ಟಿಯಲ್ಲಿಯೂ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿಯೂ ಮೈಸೂರು ದೇಶಕ್ಕೆ ಮೊದಲನೆಯದಾಯಿತು. ಕುಂಬಾರಕೊಪ್ಪಲಿನ ಘಟಕದಲ್ಲಿ ಹಸಿ ಕಸ ಗೊಬ್ಬರವಾಯಿತು. ಒಣ ಕಸ ಬಗೆಬಗೆಯಾಗಿ ವಿಂಗಡಣೆಗೊಂಡು ಮಾರಾಟವಾಯಿತು. ಅದೇ ನಗರದ ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಕಸವು ವರ್ಷಗಟ್ಟಲೆ ಬೆಟ್ಟವಾಗಿ ಬೆಳೆಯಿತು. ಸುತ್ತಲಿನ ಬಡಾವಣೆಗಳ ನಿವಾಸಿಗಳು ದುರ್ವಾಸನೆಯ ವಿರುದ್ಧ ಮತ್ತೆ ಮತ್ತೆ ಬೀದಿಗಿಳಿದರು. ಪ್ರಶಸ್ತಿಯೂ ನಿಜ, ಬೆಟ್ಟವೂ ನಿಜ. ಆಡಳಿತದ ಲೋಪಗಳ ಪಾಲು ಏನೇ ಇರಲಿ, ಎರಡರ ಮೂಲವೂ ಮನೆಯ ಅಡುಗೆಮನೆಯೇ. ಬೇರ್ಪಡಿಸಿ ಕೊಟ್ಟುದು ಗೊಬ್ಬರವಾಗುತ್ತದೆ; ಬೆರೆಸಿ ಎಸೆದುದು ಬೆಟ್ಟವಾಗುತ್ತದೆ.

ಬೆರೆಸಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲದ ಪ್ರಯಾಣವನ್ನು ಶ್ರಾವಕನು ಒಮ್ಮೆಯಾದರೂ ಮನಸ್ಸಿನಲ್ಲಿ ಹಿಂಬಾಲಿಸಬೇಕು. ಅದರೊಳಗೆ ಸೊಪ್ಪಿನ ದಂಟು, ಉಳಿದ ಅನ್ನ, ಒಡೆದ ಗಾಜಿನ ಲೋಟ, ಬಳಸಿದ ಬ್ಲೇಡು, ಮಗುವಿನ ಡಯಾಪರು ಒಟ್ಟಾಗಿರುತ್ತವೆ. ಬೀದಿಯ ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ. ಅನ್ನದ ವಾಸನೆಗೆ ಅದು ಚೀಲವನ್ನೇ ನುಂಗುತ್ತದೆ. ನುಂಗಿದ ಪ್ಲಾಸ್ಟಿಕ್ ಕರಗದೆ ಹೊಟ್ಟೆಯಲ್ಲಿ ಮುದ್ದೆಗಟ್ಟುತ್ತದೆ. ಹಸು ಮೇವು ತಿನ್ನಲಾರದೆ ಕೃಶವಾಗಿ ಸಾಯುತ್ತದೆ. ಗೋಶಾಲೆಗೆ ವರ್ಷಕ್ಕೊಮ್ಮೆ ದೇಣಿಗೆ ಕೊಟ್ಟು ರಸೀದಿ ಪಡೆದ ಮನೆಯಿಂದಲೇ ಆ ಚೀಲವೂ ಹೊರಬಿದ್ದಿರಬಹುದು. ದೇಣಿಗೆಯ ಪುಣ್ಯಕ್ಕೆ ರಸೀದಿಯಿದೆ, ಚೀಲದ ಪಾಪಕ್ಕೆ ರಸೀದಿಯಿಲ್ಲ. ವ್ಯತ್ಯಾಸ ಅಷ್ಟೆ.

ದನ ನುಂಗದೆ ಬಿಟ್ಟ ಚೀಲ ಪೌರಕಾರ್ಮಿಕರ ಕೈಗೆ ಸೇರುತ್ತದೆ. ಬೆಳಗಿನ ಚಳಿಯಲ್ಲಿ ಗಾಡಿ ತಳ್ಳಿಕೊಂಡು ಬರುವ ಹೆಣ್ಣುಮಗಳು ಆ ಗಂಟನ್ನು ಬಿಚ್ಚಿ ಒಳಗೆ ಕೈ ಹಾಕಬೇಕಾಗುತ್ತದೆ. ಬ್ಲೇಡಿನ ಅಲಗು ಅವಳ ಬೆರಳನ್ನು ಕೊಯ್ಯುತ್ತದೆ. ಪರರ ರೋಗದ ಬಟ್ಟೆ ಅವಳ ಗಾಯಕ್ಕೆ ತಾಗುತ್ತದೆ. ಮನೆಯವರು ಅವಳನ್ನು ನೋಡಿ ‘ಕಸದವಳು ಬಂದಳು’ ಎನ್ನುತ್ತಾರೆ. ಕಸ ಮಾಡಿದವರು ಒಳಗಿದ್ದಾರೆ, ಕಸ ತೆಗೆಯುವವಳು ಹೊರಗಿದ್ದಾಳೆ. ಹೆಸರು ಮಾತ್ರ ತಪ್ಪು ವಿಳಾಸಕ್ಕೆ ಸೇರಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿಯೂ ಹಿಂಸೆಯನ್ನು ತ್ಯಜಿಸಬೇಕೆಂದು ಆಚಾರಗ್ರಂಥಗಳು ವಿಧಿಸುತ್ತವೆ. ತನ್ನ ಕೈಯಿಂದ ಮಾಡದ ನೋವನ್ನು ಗಂಟು ಕಟ್ಟಿ ಇನ್ನೊಬ್ಬರ ಕೈಗೆ ದಾಟಿಸುವುದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಅದು ಊರ ಹೊರಗಿನ ರಾಶಿಗೆ ಸೇರುತ್ತದೆ. ನಮ್ಮ ದೇಶದ ನಗರಗಳ ಮನೆಗಸದಲ್ಲಿ ಅರ್ಧದಷ್ಟು, ಅನೇಕ ಕಡೆ ಅದಕ್ಕಿಂತ ಹೆಚ್ಚು, ಹಸಿ ಕಸವೇ. ಗಾಳಿಯಾಡದ ರಾಶಿಯಡಿ ಅದು ಕೊಳೆತು ಮೀಥೇನ್ ಅನಿಲವಾಗುತ್ತದೆ; ಆ ಅನಿಲಕ್ಕೆ ಕಿಡಿ ತಗುಲಿದರೆ ರಾಶಿ ದಿನಗಟ್ಟಲೆ ಉರಿಯುತ್ತದೆ. ಒಸರುವ ಕೊಳಕು ರಸ ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. ಉರಿಯುವ ಪ್ಲಾಸ್ಟಿಕ್ಕಿನ ಹೊಗೆ ಸಮೀಪದ ಮನೆಗಳ ಮಕ್ಕಳ, ವೃದ್ಧರ ಶ್ವಾಸಕೋಶಕ್ಕೆ ಸೇರುತ್ತದೆ. ಕೊಳೆಯುವ ರಾಶಿಯಲ್ಲಿ ಹುಟ್ಟಿದ ಅಸಂಖ್ಯ ಜೀವಿಗಳು ಆ ಉರಿಯಲ್ಲಿಯೇ ಬೇಯುತ್ತವೆ. ರಾತ್ರಿ ದೀಪಕ್ಕೆ ಬಂದು ಬೀಳುವ ಹುಳುವಿಗಾಗಿ ಸೂರ್ಯಾಸ್ತದ ಮುನ್ನ ಊಟ ಮುಗಿಸುವ ಕುಟುಂಬಕ್ಕೆ ಈ ಲೆಕ್ಕ ಅಪ್ರಸ್ತುತವಾಗಲಾರದು.

ಇಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ: ಸಮಿತಿಗಳು ಮುನಿಗಳ ಆಚಾರ, ಗೃಹಸ್ಥನಿಗೆ ಅವುಗಳ ಬಂಧನವಿಲ್ಲ. ಪಿಂಛಿ, ಕಮಂಡಲುಗಳ ಹೊರತು ಏನನ್ನೂ ಹೊಂದಿರದ ಮುನಿಗೆ ಬಿಸುಡಲು ಇರುವುದಾದರೂ ಎಷ್ಟು? ಅಷ್ಟು ಅಲ್ಪವನ್ನೇ ನೆಲ ನೋಡಿ ಬಿಡಬೇಕೆಂದಾದರೆ, ದಿನವೂ ಬುಟ್ಟಿ ತುಂಬ ಬಿಸುಡುವ ಗೃಹಸ್ಥನ ಹೊಣೆ ಹೆಚ್ಚೋ ಕಡಮೆಯೋ? ಅದೂ ಅಲ್ಲದೆ ಗೃಹಸ್ಥನಿಗೆಂದೇ ವಿಧಿಸಿದ ಅನರ್ಥದಂಡ ವಿರತಿ ವ್ರತವಿದೆ. ಪ್ರಯೋಜನವಿಲ್ಲದೆ, ಕೇವಲ ಅಲಕ್ಷ್ಯದಿಂದ ನೆಲ, ನೀರು, ಗಾಳಿ, ಬೆಂಕಿ, ಸಸ್ಯಗಳಿಗೆ ಉಂಟುಮಾಡುವ ಹಾನಿಯನ್ನು ಪ್ರಮಾದಚರ್ಯೆಯೆಂದು ಹೆಸರಿಸಿ ಅದು ನಿಷೇಧಿಸುತ್ತದೆ. ಎರಡು ಬುಟ್ಟಿ ಇಡುವಷ್ಟು ಶ್ರಮಕ್ಕೆ ಬೇಸತ್ತು ಎಲ್ಲವನ್ನೂ ಒಂದರಲ್ಲಿ ಸುರಿಯುವುದು ಪ್ರಮಾದವಲ್ಲದಿದ್ದರೆ ಪ್ರಮಾದವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಜನಪ್ರಿಯ: ತೆರಿಗೆ ಕಟ್ಟಲಾಗಿದೆ, ಉಳಿದುದು ಪಾಲಿಕೆಯ ಕೆಲಸ, ಬೇರ್ಪಡಿಸಿ ಕೊಟ್ಟರೂ ಗಾಡಿಯವರು ಮತ್ತೆ ಬೆರೆಸುತ್ತಾರೆ. ಬೆರೆಸುವ ಗಾಡಿ ಇರುವುದು ಸುಳ್ಳಲ್ಲ. ಅದರ ವಿರುದ್ಧ ದೂರು ಕೊಡುವ ಹಕ್ಕು ಯಾರಿಗಿದೆ? ಬೇರ್ಪಡಿಸಿ ಕೊಟ್ಟವನಿಗೆ. ತಾನೇ ಬೆರೆಸಿ ಕೊಟ್ಟವನು ಬೆರೆಸಿದವರನ್ನು ದೂರುವುದು ನ್ಯಾಯವಲ್ಲ. ತೆರಿಗೆಯ ವಿಷಯಕ್ಕೆ ಬಂದರೆ, ತೆರಿಗೆಯಿಂದ ಸೇವೆ ದೊರೆಯುತ್ತದೆಯೇ ಹೊರತು ಪಾಪಕ್ಕೆ ಪರವಾನಗಿ ದೊರೆಯುವುದಿಲ್ಲ. ಆಸ್ಪತ್ರೆಗೆ ಹಣ ಕಟ್ಟಿದವನು ವೈದ್ಯರ ಕೈಗೆ ಮುಳ್ಳು ಚುಚ್ಚಬಹುದೆಂದು ಯಾರೂ ವಾದಿಸುವುದಿಲ್ಲ.

ಮೂರನೆಯ ಆಕ್ಷೇಪ ಗಂಭೀರವಾದುದು; ಧರ್ಮಶ್ರದ್ಧೆಯುಳ್ಳವರ ಬಾಯಿಂದ ಬರುವಂಥದು. ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡಿದರೆ ಹುಳುಗಳು ಹುಟ್ಟುತ್ತವೆ, ಅದು ಹಿಂಸೆಗೆ ಎಡೆಯಲ್ಲವೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಾಧುವೇ. ಆದರೆ ಕೊಳೆಯುವ ವಸ್ತು ಎಲ್ಲಿದ್ದರೂ ಜೀವೋತ್ಪತ್ತಿಯಾಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ಬಿಗಿದು ಕಣ್ಣಿಗೆ ಕಾಣದಂತೆ ಕಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಕಾಣದ ಕಡೆ ಆಗುವ ಹಿಂಸೆ ಹಿಂಸೆಯಲ್ಲವೆಂಬುದು ಜೈನ ಸಿದ್ಧಾಂತವಂತೂ ಅಲ್ಲ. ಒಣಗಿದ ಎಲೆ, ಮಣ್ಣು ಬೆರೆಸಿ ಗಾಳಿಯಾಡುವಂತೆ ಇಟ್ಟ ಗುಂಡಿಯಲ್ಲಿ ಕಸ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಅಲ್ಲಿ ಬಂದ ಜೀವಿ ತನ್ನ ಆಯುಷ್ಯವನ್ನು ತಾನೇ ಮುಗಿಸುತ್ತದೆ. ಊರ ಹೊರಗಿನ ರಾಶಿಯಲ್ಲಿ ಅದೇ ಜೀವಿ ಬೆಂಕಿಗೆ ಆಹುತಿ. ಎರಡರಲ್ಲಿ ಯಾವುದು ಅಲ್ಪ ಹಿಂಸೆಯೆಂಬುದು ಸ್ಪಷ್ಟ.

ಹಳೆಯ ತಲೆಮಾರಿನ ಮನೆಗಳಲ್ಲಿ ಈ ವಿವೇಕ ಇತ್ತು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಹಿತ್ತಿಲಿಗೆ ಚೆಲ್ಲುತ್ತಿರಲಿಲ್ಲ; ನೀರು ಸೇದಿದ ಬಾವಿಗೇ ನಿಧಾನವಾಗಿ ಇಳಿಬಿಡುತ್ತಿದ್ದರು. ಎಲ್ಲಿಂದ ಬಂದುದೋ ಅಲ್ಲಿಗೇ ಬಾಧೆಯಿಲ್ಲದೆ ಹಿಂದಿರುಗಬೇಕೆಂಬುದು ಅದರ ತತ್ತ್ವ. ಮಣ್ಣಿನಿಂದ ಬಂದ ಸೊಪ್ಪಿನ ದಂಟು ಮಣ್ಣಿಗೇ ಮರಳಬೇಕೆಂಬುದೂ ಅದೇ ತತ್ತ್ವದ ವಿಸ್ತಾರ. ಎಂಜಲಿನಲ್ಲಿ ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷ ತುಂಬುವ ಮುನ್ನವೇ, ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆಂಬ ನಂಬಿಕೆಯಿಂದ ತಟ್ಟೆಯಲ್ಲಿ ಅಗುಳು ಬಿಡದೆ ಉಣ್ಣುವ, ತಟ್ಟೆ ತೊಳೆದ ನೀರನ್ನೂ ಕುಡಿಯುವ ರೂಢಿ ಎಷ್ಟೋ ಮನೆತನಗಳಲ್ಲಿದೆ. ಕಸವನ್ನು ನಿವಾರಿಸುವ ಅತ್ಯುತ್ತಮ ಮಾರ್ಗ ಕಸವನ್ನೇ ಮಾಡದಿರುವುದು ಎಂಬ ಪಾಠವನ್ನು ಈ ಸಮಾಜ ಹೊರಗಿನವರಿಂದ ಕಲಿಯಬೇಕಾಗಿಯೇ ಇರಲಿಲ್ಲ.

ಹೀಗಿರುವಾಗ ಬಸದಿಗಳ ಟ್ರಸ್ಟುಗಳು ನಡೆಸುವ ಸಾಮೂಹಿಕ ಭೋಜನಗಳ ಚಿತ್ರವೇನು? ಪಂಚಕಲ್ಯಾಣವಿರಲಿ, ವಾರ್ಷಿಕೋತ್ಸವವಿರಲಿ, ಚಾತುರ್ಮಾಸದ ಕಾರ್ಯಕ್ರಮವಿರಲಿ, ಪಾಕಶಾಲೆಯ ಶುದ್ಧಿಗೆ ತೋರುವ ನಿಷ್ಠೆ ಊಟ ಮುಗಿದ ಕ್ಷಣದಲ್ಲಿ ಮಾಯವಾಗುತ್ತದೆ. ಕಂದಮೂಲ ಸೋಕದಂತೆ ಕಾದ ಅಡುಗೆಯನ್ನು ಪ್ಲಾಸ್ಟಿಕ್ ಲೇಪದ ತಟ್ಟೆಯಲ್ಲಿ ಬಡಿಸಿ, ಅರ್ಧ ಉಂಡ ತಟ್ಟೆಯನ್ನು ನೀರಿನ ಬಾಟಲಿಯೊಂದಿಗೆ ಗೋಣಿಗೆ ತುಂಬಿ ಬೀದಿಯ ಮೂಲೆಗೆ ಒರಗಿಸಲಾಗುತ್ತದೆ. ಚಾತುರ್ಮಾಸ ಮಳೆಗಾಲದ ವ್ರತ. ಆ ನಾಲ್ಕು ತಿಂಗಳು ಜೀವೋತ್ಪತ್ತಿ ಅಧಿಕವೆಂದೇ ಮುನಿಗಳು ಒಂದೆಡೆ ನಿಲ್ಲುತ್ತಾರೆ. ಅದೇ ತಿಂಗಳುಗಳಲ್ಲಿ ಅವರ ದರ್ಶನಕ್ಕೆ ಬಂದವರ ಎಂಜಲು ಮಳೆಯಲ್ಲಿ ನೆನೆದು ಬೀದಿಯಲ್ಲಿ ಹರಿಯುತ್ತದೆ. ಮುನಿಗಳು ಯಾವ ಹಿಂಸೆಯನ್ನು ತಪ್ಪಿಸಲು ನಿಂತರೋ ಭಕ್ತರು ಅದನ್ನು ನೂರ್ಮಡಿ ಮಾಡಿ ಬೀಳ್ಕೊಳ್ಳುತ್ತಾರೆ.

ಕಾನೂನು ಈ ವಿಷಯದಲ್ಲಿ ಮೌನವಾಗಿರಲಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿಯೇ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಬೇಕೆಂದು ವಿಧಿಸಿದವು. ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನಗಳ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿನ ಕಸವನ್ನು ಬೇರ್ಪಡಿಸಿ ಒಪ್ಪಿಸುವ ಹೊಣೆ ಹೊರಬೇಕು ಎಂದೂ ಅವು ಹೇಳಿದವು. ಕರ್ನಾಟಕವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಷೇಧದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಲ್ಲದೆ ಅಲಂಕಾರದ ಥರ್ಮಾಕೋಲ್, ಸಿಹಿ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ತೆಳು ಹಾಳೆಯೂ ಸೇರಿತು. ಆ ಪಟ್ಟಿಯನ್ನು ಓದಿದರೆ ಯಾವುದೋ ಉತ್ಸವ ಸಮಿತಿಯ ಖರ್ಚಿನ ಚೀಟಿಯನ್ನು ಓದಿದಂತೆಯೇ ಆಗುತ್ತದೆ. ದಂಡದ ಭಯದಿಂದ ಕೈಬಿಡುವುದಕ್ಕಿಂತ ವ್ರತದ ನೆನಪಿನಿಂದ ಕೈಬಿಟ್ಟಿದ್ದರೆ ಸಮಾಜಕ್ಕೆ ಶೋಭೆಯಿತ್ತು.

ಅಸಾಧ್ಯವೆನ್ನುವವರು 1994ರ ಸೂರತ್ತನ್ನು ನೆನೆಯಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿ ಹಬ್ಬಿದಾಗ ಲಕ್ಷಾಂತರ ಜನ ಆ ಶ್ರೀಮಂತ ವ್ಯಾಪಾರಿ ನಗರವನ್ನು ತೊರೆದರು. ಕಸಕ್ಕೆ ಬಡವರ ಕೇರಿ, ಸಿರಿವಂತರ ಬೀದಿ ಎಂಬ ಗಡಿ ತಿಳಿಯದೆಂಬುದು ಆಗ ಅರಿವಾಯಿತು. ಅದೇ ನಗರ ಕೆಲವೇ ವರ್ಷಗಳಲ್ಲಿ ದೇಶದ ಶುಚಿಯಾದ ನಗರಗಳ ಸಾಲಿಗೆ ಸೇರಿತು. ಜನರು ಬದಲಾಗಿರಲಿಲ್ಲ, ರೂಢಿ ಬದಲಾಗಿತ್ತು.

ಟ್ರಸ್ಟುಗಳು ಮಾಡಬೇಕಾದುದು ದೊಡ್ಡ ವೆಚ್ಚದ ಕಾರ್ಯವೇನೂ ಅಲ್ಲ. ಒಂದು ಮಾನಸ್ತಂಭದ ನವೀಕರಣಕ್ಕೆ ಆಗುವ ಖರ್ಚಿನ ಅಲ್ಪಾಂಶದಲ್ಲಿ ಐದುನೂರು ಸ್ಟೀಲ್ ತಟ್ಟೆ ಲೋಟಗಳನ್ನು ಕೊಂಡು ಸಮಾಜದ ಎಲ್ಲ ಶುಭಕಾರ್ಯಗಳಿಗೆ ಎರವಲು ಕೊಡಬಹುದು. ಬಸದಿಯ ಹಿತ್ತಿಲಿನಲ್ಲಿ ಎರಡು ಗೊಬ್ಬರದ ಗುಂಡಿ ತೋಡಿಸಿದರೆ ಪೂಜೆಯ ಹೂವು, ಹಣ್ಣಿನ ಸಿಪ್ಪೆ ಅಲ್ಲಿಯೇ ಮಣ್ಣಾಗುತ್ತವೆ. ಸಭಾಭವನವನ್ನು ಬಾಡಿಗೆಗೆ ಕೊಡುವಾಗ ಕಸ ಬೇರ್ಪಡಿಸುವ ಷರತ್ತನ್ನು ಬರೆದು ಸಹಿ ಹಾಕಿಸಿಕೊಳ್ಳಬಹುದು. ಗಾಜು, ಬ್ಲೇಡು, ಸೂಜಿಗಳನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡುವುದನ್ನು ಪಾಠಶಾಲೆಯ ಮಕ್ಕಳಿಗೆ ಅಹಿಂಸಾಣುವ್ರತದ ಪಾಠವಾಗಿಯೇ ಕಲಿಸಬಹುದು. ಊಟದ ಪಂಕ್ತಿಯಲ್ಲಿ ಬೀದಿಯ ಪೌರಕಾರ್ಮಿಕರಿಗೆ ಕೊನೆಯ ಗೋಣಿಯ ಬದಲು ಮೊದಲ ಎಲೆ ದೊರೆಯಲಿ.

ವಾರ್ಷಿಕ ವರದಿಗಳಲ್ಲಿ ಎಷ್ಟು ಜನರಿಗೆ ಭೋಜನವಾಯಿತೆಂಬ ಸಂಖ್ಯೆ ಹೆಮ್ಮೆಯಿಂದ ಅಚ್ಚಾಗುತ್ತದೆ. ಊಟವಾದ ಮೇಲೆ ಎಷ್ಟು ಗೋಣಿ ಕಸ ಎಲ್ಲಿಗೆ ಹೋಯಿತು, ಯಾರು ಹೊತ್ತರು ಎಂಬ ಇನ್ನೊಂದು ಸಾಲು ಅದರ ಕೆಳಗೆ ಅಚ್ಚಾಗುವವರೆಗೆ ಆ ವರದಿ ಅರ್ಧ ಸತ್ಯವೇ. ಅರ್ಧ ಸತ್ಯವನ್ನು ಸತ್ಯಾಣುವ್ರತವೂ ಒಪ್ಪುವುದಿಲ್ಲ.